ಹೇಸ್ಟಿಂಗ್ಸ್ ಬೀದಿಯಲ್ಲಿ ಡಾಕ್ಟರಮ್ಮನ ಹಿಂದೆ

ಕೆನಡಾದ ಸರ್ರೆಯಿಂದ ವ್ಯಾಂಕೂವರ್ ಪೇಟೆಗೆ ಹೋಗುವ ಸ್ಕೈಟ್ರೇನಿನಲ್ಲಿ ಎಲ್ಲಕ್ಕಿಂತ ಮುಂದಿನ ಸೀಟು ಸಿಕ್ಕಿದರೆ ಬಿಡಬಾರದು. ನಮ್ಮ ಮೆಟ್ರೊದಲ್ಲಿ ಚಾಲಕನ ಕೋಣೆ ಇರುವ ಕಡೆ ಇಲ್ಲಿ ಬರೀ ಗಾಜು. 1986ರ ಎಕ್ಸ್‌ಪೊ ಮೇಳದ ಹೊತ್ತಿಗೆ ಶುರುವಾದ ಈ ರೈಲಿಗೆ ಅಂದಿನಿಂದಲೂ ಚಾಲಕನೇ ಇಲ್ಲ! ಫ್ರೇಸರ್ ನದಿಯ ಮೇಲೆ ಬಂದಾಗ ಕಾಲ ಕೆಳಗೆ ಕಂದು ನೀರು, ನೀರಿನಲ್ಲಿ ಕಟ್ಟಿ ತೇಲಿಬಿಟ್ಟ ಮರದ ದಿಮ್ಮಿಗಳು, ಎದುರಿಗೆ ಜೂನ್ ತಿಂಗಳಲ್ಲೂ ನೆತ್ತಿಯ ಮೇಲೆ ಹಿಮ ಹೊತ್ತ ಬೆಟ್ಟಗಳು. ಯಾವುದನ್ನು ನೋಡಲಿ, ಯಾವುದನ್ನು ಬಿಡಲಿ!

ಪಕ್ಕದಲ್ಲಿ ಕೂತ ಅಕ್ಕನ ಮಗಳು ಇದೊಂದನ್ನೂ ನೋಡುತ್ತಿಲ್ಲ. ಫೋನಿನಲ್ಲಿ ಯಾರದೋ ರಕ್ತಪರೀಕ್ಷೆಯ ವರದಿ ಓದುತ್ತಿದ್ದಾಳೆ. ಮನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಪುಟ್ಟಿ. ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ ಇಲ್ಲಿಗೆ ಬಂದವಳು ಮೊದಲು ಸೋಂಕು ರೋಗಗಳ ತಜ್ಞೆಯಾದಳು, ಆಮೇಲೆ ವ್ಯಸನ ಚಿಕಿತ್ಸೆಯಲ್ಲೂ ತರಬೇತಿ ಪಡೆದಳು. ನಮ್ಮ ಕಡೆ ಇವೆರಡೂ ಬೇರೆ ಬೇರೆ ಲೋಕ. ಜ್ವರ, ಕೀವು, ಎಚ್‌ಐವಿ ಎಂದರೆ ಒಂದು ಆಸ್ಪತ್ರೆ. ಚಟ ಬಿಡಿಸಬೇಕೆಂದರೆ ನಿಮ್ಹಾನ್ಸ್‌ನ ಮನೋವೈದ್ಯರು, ಇಲ್ಲವೇ ಊರೂರಲ್ಲಿ ನಡೆಯುವ ಮದ್ಯವರ್ಜನ ಶಿಬಿರ. ಎರಡನ್ನೂ ಒಬ್ಬಳೇ ಯಾಕೆ ಹೊತ್ತುಕೊಂಡಿದ್ದೀಯ ಎಂದು ನಾನು ಕೇಳಿದ್ದಕ್ಕೆ ಅವಳು ವಿವರಿಸಲು ಹೋಗಲಿಲ್ಲ. "ಬಂದು ನೋಡಿ ಮಾಮ. ನನ್ನ ಜೊತೆ ನಡೀರಿ, ಗೊತ್ತಾಗತ್ತೆ" ಎಂದಳು. ತೊಡೆಯ ಮೇಲಿದ್ದ ಅವಳ ಚೀಲದೊಳಗೆ ಇಣುಕಿದೆ. ಸ್ಟೆತಸ್ಕೋಪು, ಕೈಗವಸು, ಬ್ಯಾಂಡೇಜು, ಜಿಪ್ ಇರುವ ಕಪ್ಪು ಡಬ್ಬಿಯೊಂದು, ಅದರಡಿಗೆ ಹೊಸ ಕಾಲುಚೀಲಗಳ ಕಟ್ಟು. ಡಾಕ್ಟರ ಚೀಲದಲ್ಲಿ ಕಾಲುಚೀಲ!

ಸ್ಟೇಡಿಯಂ–ಚೈನಾಟೌನ್ ನಿಲ್ದಾಣದಲ್ಲಿ ಇಳಿದು ಚೈನಾಟೌನಿನ ಕೆಂಪು ದೀಪಕಂಬಗಳ ನಡುವೆ ನಡೆಯುತ್ತೇವೆ. ಅಂಗಡಿಗಳ ಮುಂದೆ ಒಣಮೀನು, ಒಣ ಅಣಬೆ, ಬೇರುನಾರು. ಕಮಟು ವಾಸನೆಗೆ ನಾನು ಕರವಸ್ತ್ರ ಹುಡುಕುತ್ತಿದ್ದರೆ ಪುಟ್ಟಿ ಈ ಬೀದಿಯ ಕಥೆ ತೆಗೆದಳು. 1907ರಲ್ಲಿ ಏಷ್ಯಾದವರು ಇಲ್ಲಿರಬಾರದೆಂದು ಬಿಳಿಯರ ಗುಂಪೊಂದು ಈ ಬೀದಿಗೆ ನುಗ್ಗಿ ಗಾಜು ಪುಡಿಪುಡಿ ಮಾಡಿತು. ನಷ್ಟದ ಲೆಕ್ಕ ಹಾಕಲು ಬಂದ ಅಧಿಕಾರಿ ಮೆಕೆಂಜಿ ಕಿಂಗ್, ಮುಂದೆ ಇವರೇ ಈ ದೇಶದ ಪ್ರಧಾನಿಯಾದರು. ಪರಿಹಾರ ಕೇಳಿದವರಲ್ಲಿ ಅಫೀಮು ಕಾರ್ಖಾನೆಯವರೂ ಇದ್ದರು. ಆಗ ಅದು ಪರವಾನಗಿ ಪಡೆದ, ತೆರಿಗೆ ಕಟ್ಟುವ ವ್ಯಾಪಾರ. ಹಾಂಗ್‌ಕಾಂಗ್ ದಾರಿಯಾಗಿ ಬರುತ್ತಿದ್ದ ಕಚ್ಚಾ ಅಫೀಮಿನಲ್ಲಿ ನಮ್ಮ ಪಟ್ನಾ ಕಡೆಯದೂ ಇರುತ್ತಿತ್ತು. ಕಿಂಗ್ ಬೆಚ್ಚಿಬಿದ್ದು ವರದಿ ಬರೆದರು. 1908ರಲ್ಲಿ ಕೆನಡಾದ ಮೊದಲ ಅಫೀಮು ಕಾಯಿದೆ ಬಂತು. ದೇಶದ ಮಾದಕವಸ್ತು ಕಾನೂನೆಲ್ಲ ಹುಟ್ಟಿದ್ದು ಈ ನಾಲ್ಕು ಬೀದಿಗಳಲ್ಲಿ. ನೂರು ವರ್ಷದ ಮೇಲೂ ಅದೇ ನಾಲ್ಕು ಬೀದಿಗಳು ಅದರ ಫಲ ಉಣ್ಣುತ್ತಿವೆ.

ಮೇನ್ ಮತ್ತು ಹೇಸ್ಟಿಂಗ್ಸ್ ಬೀದಿಗಳು ಕೂಡುವ ಮೂಲೆಯಲ್ಲಿ ಕಲ್ಲಿನ ಕಂಬ, ಗುಮ್ಮಟವಿರುವ ಹಳೆಯ ಕಟ್ಟಡ. 1903ರಲ್ಲಿ ದಾನಿ ಆ್ಯಂಡ್ರೂ ಕಾರ್ನೆಗಿಯವರ ದುಡ್ಡಿನಿಂದ ಕಟ್ಟಿದ ಪುಸ್ತಕಾಲಯವಿದು, ಈಗ ಬಡಾವಣೆಯವರ ಸಮುದಾಯ ಕೇಂದ್ರ. ಒಳಗೆ ಸುತ್ತಿಕೊಂಡು ಏರುವ ಅಮೃತಶಿಲೆಯ ಮೆಟ್ಟಿಲು, ಪಕ್ಕದ ಬಣ್ಣಗಾಜಿನ ಕಿಟಕಿಯಲ್ಲಿ ಶೇಕ್ಸ್‌ಪಿಯರ್, ಸ್ಪೆನ್ಸರ್, ಮಿಲ್ಟನ್. ಮೂವರು ಮಹಾಕವಿಗಳ ಕೆಳಗೆ ಒದ್ದೆ ಜಾಕೆಟ್ಟಿನ ಒಬ್ಬ ಮುದುಕ ಚದುರಂಗದ ಕಾಯಿ ಜೋಡಿಸುತ್ತಿದ್ದಾನೆ, ಇನ್ನೊಬ್ಬಾಕೆ ಪೇಪರು ಓದುತ್ತಿದ್ದಾಳೆ. ಯಾರನ್ನೂ ಯಾರೂ ಏಳಿಸುವುದಿಲ್ಲ. ಕಡಿಮೆ ಬೆಲೆಯ ಬಿಸಿ ಊಟ ಇದೆ. ಶೌಚಾಲಯವಿದೆ, ಅದನ್ನು ನಾನು ವಿಶೇಷವಾಗಿ ಬರೆಯಲೇಬೇಕು. ಈ ಪೇಟೆಯಲ್ಲಿ ಶೌಚಕ್ಕೆ ಹೋಗಬೇಕೆಂದರೆ ಮೊದಲು ಕಾಫಿ ಕೊಳ್ಳಬೇಕು, ರಸೀದಿಯ ಮೇಲಿನ ಅಂಕಿ ಒತ್ತಿದರೆ ಬಾಗಿಲು ತೆರೆಯುತ್ತದೆ. ಆ ಕಾಫಿ ಕುಡಿದದ್ದಕ್ಕೆ ಮುಂದಿನ ಬೀದಿಯಲ್ಲಿ ಮತ್ತೊಂದು ರಸೀದಿ ಬೇಕಾಗುತ್ತದೆ! ಒಳಗೆ ಹೋದರೆ ಗೋಡೆಯಲ್ಲಿ ಹಳದಿ ಡಬ್ಬಿ. ಬಳಸಿದ ಸೂಜಿ ಹಾಕುವುದಕ್ಕೆ. ಕೈ ತೊಳೆಯುವ ಸೋಪಿನ ಪಕ್ಕದಲ್ಲೇ ಅದೂ ಇದೆ.

ಹೊರಗೆ ಕಾಲಿಟ್ಟರೆ ಹೇಸ್ಟಿಂಗ್ಸ್ ಬೀದಿ. ಅಲ್ಲಿ ನಿಂತ ಮೊದಲ ಕ್ಷಣ ನನ್ನ ಎದೆ ಧಸಕ್ಕೆಂದದ್ದು ನಿಜ. ಕೆಲವೇ ಬೀದಿ ಆಚೆಗೆ ಗಾಜಿನ ಗೋಪುರಗಳು, ವಿಹಾರನೌಕೆಗಳ ಬಂದರು. ಇಲ್ಲಿ ಪಾದಚಾರಿ ಮಾರ್ಗದ ಉದ್ದಕ್ಕೂ ಟಾರ್ಪಾಲು, ತಳ್ಳುಗಾಡಿ, ನೆಲದ ಮೇಲೆ ಹರಡಿದ ಹಳೆ ಚಾರ್ಜರು, ಶೂ. ಸೊಂಟದಿಂದ ಎರಡಾಗಿ ಬಾಗಿ, ಕೈ ನೆಲಕ್ಕೆ ತಾಗುವಷ್ಟು ಜೋತು, ನಿಂತಲ್ಲೇ ನಿಂತುಬಿಟ್ಟವರು. ಬೀಳುವುದಿಲ್ಲ, ಏಳುವುದಿಲ್ಲ. "ಫೆಂಟನಿಲ್" ಎಂದಳು ಪುಟ್ಟಿ. ಹೆರಾಯಿನ್‌ಗಿಂತ ಸುಮಾರು ಐವತ್ತು ಪಟ್ಟು ಪ್ರಬಲವಾದ, ಗಸಗಸೆ ಗಿಡದ ಹಂಗಿಲ್ಲದೆ ರಾಸಾಯನಿಕಗಳಿಂದಲೇ ತಯಾರಾಗುವ ವಸ್ತು. ನಾನು ಅವಳ ಮಗ್ಗುಲಿಗೇ ಅಂಟಿಕೊಂಡು ನಡೆಯುತ್ತೇನೆ. ಆದರೆ ಹತ್ತು ಹೆಜ್ಜೆಗೆ ಒಬ್ಬರು "ಡಾಕ್, ಹೇಗಿದ್ದೀಯ?" ಎನ್ನುತ್ತಾರೆ. ಒಬ್ಬಾಕೆ ಓಡಿಬಂದು ತನ್ನ ಹೆಪಟೈಟಿಸ್ ಸಿ ವಾಸಿಯಾಯಿತೆಂದು ಫೋನಿನಲ್ಲಿ ವರದಿ ತೋರಿಸುತ್ತಾಳೆ. ಒಂದು ಕಾಲಕ್ಕೆ ವರ್ಷಗಟ್ಟಲೆ ಚುಚ್ಚಿಸಿಕೊಂಡರೂ ವಾಸಿಯಾಗುವ ಭರವಸೆ ಇಲ್ಲದಿದ್ದ ಆ ರೋಗಕ್ಕೆ ಈಗ ಎಂಟರಿಂದ ಹನ್ನೆರಡು ವಾರ ಮಾತ್ರೆ ನುಂಗಿದರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಜನ ಗುಣವಾಗುತ್ತಾರಂತೆ. ಇಬ್ಬರೂ ಬೀದಿಯಲ್ಲೇ ತಬ್ಬಿಕೊಂಡರು.

ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಮಧ್ಯವಯಸ್ಸಿನ ಒಬ್ಬಾತ ಕಾಲು ಚಾಚಿ ಕೂತಿದ್ದ. ಪುಟ್ಟಿ ಮೊಣಕಾಲೂರಿ ಅವನೆದುರು ಕೂತಳು. "ಇವರು ನಮ್ಮ ಮಾಮ, ಇಂಡಿಯಾದಿಂದ ಬಂದಿದ್ದಾರೆ. ಇಲ್ಲೇ ನಿಂತರೆ ನಿನಗೆ ಬೇಜಾರಿಲ್ಲವಾ?" ಎಂದು ಮೊದಲು ಕೇಳಿದಳು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ತಾನು ಸರ್ರೆಯ ಪಂಜಾಬಿಗಳ ಜೊತೆ ಹತ್ತು ವರ್ಷ ಮನೆಗಳಿಗೆ ಚಾವಣಿ ಹೊದಿಸುವ ಕೆಲಸ ಮಾಡಿದವನೆಂದೂ ಅವರ ಮನೆಯ ರೊಟ್ಟಿ ಚೆನ್ನಾಗಿರುತ್ತಿತ್ತೆಂದೂ ಹೇಳಿದ. ಅಪ್ಪಣೆ ಸಿಕ್ಕಿತು. ಒದ್ದೆ ಕಾಲುಚೀಲ ಎಳೆದು ತೆಗೆದರೆ ಕಣಕಾಲಿನ ಮೇಲೆ ನಿಂಬೆಹಣ್ಣಿನ ಗಾತ್ರದ ಕೀವುಗಟ್ಟಿದ ಗಡ್ಡೆ, ಸುತ್ತ ಕೆಂಪು. ಪುಟ್ಟಿ ಗವಸು ಹಾಕಿ ಒತ್ತಿ ನೋಡಿದಳು, ತೊಳೆದಳು, ಪಟ್ಟಿ ಸುತ್ತಿದಳು. ಆಮೇಲೆ ಜೇಬಿನಿಂದ ಪೆನ್ನು ತೆಗೆದು ಕೆಂಪಿನ ಅಂಚಿನುದ್ದಕ್ಕೂ ಚರ್ಮದ ಮೇಲೆ ಗೆರೆ ಎಳೆದಳು. ನಾಳೆ ಕೆಂಪು ಈ ಗೆರೆ ದಾಟಿದ್ದರೆ, ಚಳಿಜ್ವರ ಬಂದರೆ, ತಡಮಾಡದೆ ಆಸ್ಪತ್ರೆಗೆ ಬರಬೇಕು.

"ಬರಲ್ಲ" ಎಂದ ಅವನು. ಹಿಂದೊಮ್ಮೆ ಯಾವುದೋ ಆಸ್ಪತ್ರೆಗೆ ಸೇರಿದ್ದಾಗ ರಾತ್ರಿಯಿಡೀ ಮೈಮುರಿತ, ವಾಂತಿ, ಬೆವರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳಕು ಹರಿಯುವ ಮುಂಚೆ ಕೈಗೆ ಚುಚ್ಚಿದ್ದ ನಳಿಗೆಯ ಸಮೇತ ಎದ್ದು ಬಂದಿದ್ದ. ಪುಟ್ಟಿ ವಾದ ಮಾಡಲಿಲ್ಲ. "ಈ ಸಲ ನನ್ನ ಹೆಸರು ಹೇಳು. ಮೊದಲು ನಿನ್ನ ಮೈನೋವಿಗೆ ಔಷಧಿ, ಆಮೇಲೆ ಕಾಲಿಗೆ. ನಾನೇ ಬರೆದಿಡ್ತೀನಿ." ಚೀಲದಿಂದ ಹೊಸ ಕಾಲುಚೀಲ ತೆಗೆದು ಅವಳೇ ತೊಡಿಸಿದಳು. ಸೋಂಕಿನ ಡಾಕ್ಟರು ಮತ್ತು ವ್ಯಸನದ ಡಾಕ್ಟರು ಒಬ್ಬಳೇ ಏಕಾಗಬೇಕು ಎಂಬ ನನ್ನ ಪ್ರಶ್ನೆಗೆ ಅರ್ಧ ಉತ್ತರ ಆ ಮೆಟ್ಟಿಲ ಮೇಲೇ ಸಿಕ್ಕಿತು.

ಮುಂದಿನ ನಿಲುಗಡೆ ಓಪನ್‌ಹೈಮರ್ ಪಾರ್ಕು. ಸುತ್ತ ಹಳೆಯ ಜಪಾನೀ ಬಡಾವಣೆ. ಎರಡನೇ ಮಹಾಯುದ್ಧದಲ್ಲಿ ಜಪಾನೀ ಮೂಲದವರನ್ನೆಲ್ಲ ಊರು ಬಿಡಿಸುವವರೆಗೆ ಅವರ ಪ್ರಸಿದ್ಧ ಅಸಾಹಿ ಬೇಸ್‌ಬಾಲ್ ತಂಡ ಇಲ್ಲೇ ಆಡುತ್ತಿತ್ತು. 1997ರ ಬೇಸಿಗೆಯಲ್ಲಿ ಈ ಹುಲ್ಲಿನ ಮೇಲೆ ಒಂದು ಸಾವಿರ ಮರದ ಶಿಲುಬೆಗಳನ್ನು ನೆಟ್ಟರು, ಮಾದಕವಸ್ತುವಿಗೆ ಬಲಿಯಾದವರ ಲೆಕ್ಕಕ್ಕೆ. ಮುಂದೆ ನಿಂತವರಲ್ಲಿ ಬಡ್ ಆಸ್ಬೋರ್ನ್ ಎಂಬ ಕವಿ ಒಬ್ಬರು. ತಾವೇ ಹೆರಾಯಿನ್ ವ್ಯಸನದಿಂದ ಎದ್ದುಬಂದವರು. ಆ ವರ್ಷ ಈ ಬಡಾವಣೆಯಲ್ಲಿ ಚುಚ್ಚಿಕೊಳ್ಳುವವರ ನಡುವೆ ಎಚ್‌ಐವಿ ಕಾಳ್ಗಿಚ್ಚಾಗಿತ್ತು. ಸಂಶೋಧಕರು ಅಧ್ಯಯನಕ್ಕೆ ಸೇರಿಸಿಕೊಂಡವರಲ್ಲಿ ವರ್ಷಕ್ಕೆ ನೂರಕ್ಕೆ ಹದಿನೆಂಟರಷ್ಟು ಜನರಿಗೆ ಹೊಸದಾಗಿ ಸೋಂಕು ತಗಲುತ್ತಿತ್ತು. ಶ್ರೀಮಂತ ದೇಶಗಳಲ್ಲಿ ಅಂಥ ವೇಗ ತೀರಾ ಅಪರೂಪ. ಹಳೆ ಸೂಜಿ ಕೊಟ್ಟರೆ ಹೊಸದು ಕೊಡುವ ವ್ಯವಸ್ಥೆ ಆಗಲೇ ಇತ್ತು, ಆದರೂ! ಕಾರಣ ಕೊಕೇನು ಎಂದು ಪುಟ್ಟಿ ಬಿಡಿಸಿ ಹೇಳಿದಳು. ಹೆರಾಯಿನ್ ದಿನಕ್ಕೆ ಎರಡು ಮೂರು ಸಲ ಚುಚ್ಚಿಕೊಳ್ಳುವವನು ಕೊಕೇನಾದರೆ ಇಪ್ಪತ್ತು ಸಲ ಚುಚ್ಚಿಕೊಳ್ಳಬಹುದು. ನಡುರಾತ್ರಿ ಕೊನೆಯ ಸೂಜಿ ಮುಗಿದಾಗ ಪಕ್ಕದವನದೇ ಗತಿ.

ಚುಚ್ಚಿಕೊಳ್ಳುವವರೇ ಸೇರಿ ಸಂಘ ಕಟ್ಟಿದರು, ನಗರಸಭೆಗೆ ಶವಪೆಟ್ಟಿಗೆ ಹೊತ್ತುಕೊಂಡು ಹೋದರು. ಅವರ ಸಿಟ್ಟಿನಿಂದ ಹುಟ್ಟಿದ ಕಟ್ಟಡ ಪೂರ್ವ ಹೇಸ್ಟಿಂಗ್ಸ್‌ನ 139ನೇ ನಂಬರಿನಲ್ಲಿದೆ. ಹೆಸರು ಇನ್‌ಸೈಟ್. 2003ರ ಸೆಪ್ಟೆಂಬರಿನಲ್ಲಿ ತೆರೆದ, ಉತ್ತರ ಅಮೆರಿಕದಲ್ಲೇ ಕಾನೂನಿನ ಒಪ್ಪಿಗೆ ಪಡೆದ ಮೊದಲ ಮೇಲ್ವಿಚಾರಣೆಯ ಚುಚ್ಚುಕೊಠಡಿ. ಜನ ಬರುವ ಹೊತ್ತಿಗೆ ಮುಂಚೆ ಬಾಗಿಲ ಬಳಿ ನಿಂತು ನೋಡಲು ಬಿಟ್ಟರು, ಫೋಟೊ ಮಾತ್ರ ಕೂಡದು. ಗೋಡೆಗುಂಟ ಸಾಲಾಗಿ ಸ್ಟೀಲಿನ ಮೇಜು, ಕುರ್ಚಿ, ಪ್ರತಿಯೊಂದರ ಮುಂದೆ ಅಗಲ ಕನ್ನಡಿ, ಮೇಲೆ ದೀಪ. ಸಲೂನಿಗೆ ಬಂದೆನೇ ಎಂದು ಒಂದು ಗಳಿಗೆ ಗಲಿಬಿಲಿಯಾಯಿತು. ಕನ್ನಡಿ ಏಕೆಂದರೆ, ಎತ್ತರದ ಮೇಜಿನಲ್ಲಿ ಕೂತ ನರ್ಸಿಗೆ ಬೆನ್ನು ತಿರುಗಿಸಿ ಕೂತವನ ಮುಖ ಕಾಣಬೇಕು. ತುಟಿ ನೀಲಿಗಟ್ಟಿದರೆ, ಕತ್ತು ವಾಲಿದರೆ ಅಲ್ಲಿಂದಲೇ ತಿಳಿಯುತ್ತದೆ. ತಟ್ಟೆಯಲ್ಲಿ ಹೊಸ ಸೂಜಿ, ಪುಟ್ಟ ಕೊಳವೆಯಲ್ಲಿ ಶುದ್ಧನೀರು, ತೋಳಿಗೆ ಕಟ್ಟುವ ರಬ್ಬರು, ಸ್ಪಿರಿಟ್ಟಿನ ಹತ್ತಿ. ಮಾದಕವಸ್ತು ಮಾತ್ರ ಬಂದವನೇ ತರಬೇಕು.

ನಮ್ಮೂರಿನ ಮದ್ಯವರ್ಜನ ಶಿಬಿರದ ಸಮಾರೋಪಕ್ಕೆ ನಾನು ಹೋಗಿದ್ದೇನೆ. ಹಾರ, ಆರತಿ, ಹೆಂಡತಿ ಮಕ್ಕಳ ಎದುರು ಪ್ರತಿಜ್ಞೆ. ಕಣ್ಣು ತುಂಬಿಬರುವ ದೃಶ್ಯ. ಇಲ್ಲಿ ಪ್ರತಿಜ್ಞೆ ಕೇಳುವವರೇ ಇಲ್ಲ. ಒಳಗೆ ಬಾ, ಸಾಯಬೇಡ, ಉಳಿದದ್ದು ಆಮೇಲೆ. ಬಿಡಬೇಕು ಅನ್ನಿಸಿದ ದಿನ ಮಹಡಿ ಮೇಲೆ ಹಾಸಿಗೆ ಇದೆ. ಇಷ್ಟು ವರ್ಷಗಳಲ್ಲಿ ಇದರೊಳಗೆ ಮಿತಿಮೀರಿ ಪ್ರಜ್ಞೆ ತಪ್ಪಿದವರು ಸಾವಿರಾರು ಜನ. ಅವರನ್ನೆಲ್ಲ ಉಸಿರು ಕೊಟ್ಟು ಎಬ್ಬಿಸಿದ್ದಾರೆ. ಲ್ಯಾನ್ಸೆಟ್ ಪತ್ರಿಕೆಯಲ್ಲಿ 2011ರಲ್ಲಿ ಬಂದ ಅಧ್ಯಯನದ ಪ್ರಕಾರ ಈ ಕಟ್ಟಡದಿಂದ ಐನೂರು ಮೀಟರ್ ದೂರದೊಳಗೆ ಮಿತಿಮೀರಿದ ಮಾದಕದಿಂದಾಗುವ ಸಾವು ನೂರಕ್ಕೆ 35ರಷ್ಟು ಇಳಿಯಿತು. ಊರಿನ ಉಳಿದ ಭಾಗದಲ್ಲಿ ಇಳಿದದ್ದು 9ರಷ್ಟು. ಒಟ್ಟಾವಾದ ಕೇಂದ್ರ ಸರ್ಕಾರ ಇದನ್ನು ಮುಚ್ಚಿಸಲು ಹೊರಟಾಗ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅದೇ 2011ರಲ್ಲಿ ನ್ಯಾಯಮೂರ್ತಿಗಳೆಲ್ಲರೂ ಒಕ್ಕೊರಲಿನಿಂದ, ತೆರೆದೇ ಇರಲಿ ಎಂದರು.

ಹಿಂದಿನ ಓಣಿಯಲ್ಲಿ ಇನ್ನೊಂದು ಅಚ್ಚರಿ ಕಾದಿತ್ತು. ಒಂದು ಮೇಜು, ಅದರ ಮೇಲೆ ಮಿಕ್ಸಿಗಿಂತ ಸ್ವಲ್ಪ ದೊಡ್ಡ ಯಂತ್ರ. ಮಾದಕವಸ್ತು ಪರೀಕ್ಷಿಸಲು ತಂದವನೊಬ್ಬ ತನ್ನ ಪೊಟ್ಟಣ ಬಿಚ್ಚಿದ. ನೇರಳೆ, ಗುಲಾಬಿ, ಹಸಿರು ಹರಳುಗಳು, ಸಂಕ್ರಾಂತಿ ಸಂತೆಯ ರಂಗೋಲಿ ಪುಡಿಯ ಅಂಗಡಿ ಕಣ್ಣಮುಂದೆ ಬಂತು. ಮಾರುವವರು ತಮ್ಮ ಸರಕು ಗುರುತಿಗೆ ಸಿಗಲೆಂದು ಬಣ್ಣ ಬೆರೆಸುತ್ತಾರಂತೆ. ಪರೀಕ್ಷಿಸುವ ಹುಡುಗಿ ಬೆಂಕಿಕಡ್ಡಿಯ ತಲೆಯಷ್ಟು ಪುಡಿಯನ್ನು ಯಂತ್ರದ ನಡುವಿನ ಪುಟ್ಟ ವಜ್ರದ ಮೇಲಿಟ್ಟು, ಮೇಲಿನಿಂದ ಒತ್ತುಗೋಲು ಇಳಿಸಿದಳು. ಅವಗೆಂಪು ಬೆಳಕು ಹಾದು, ಕಂಪ್ಯೂಟರಿನಲ್ಲಿ ಗುಡ್ಡಕಣಿವೆಯ ಗೆರೆ ಮೂಡಿತು. ಹೆಚ್ಚು ಪಾಲು ಸಕ್ಕರೆಯ ಜಾತಿಯದು, ಒಂದಿಷ್ಟು ಕೆಫೀನು. ಯಂತ್ರದ ಕಣ್ಣು ತಪ್ಪಿಸುವಷ್ಟು ಕಡಿಮೆ ಇರುವುದಕ್ಕೆ ಕಾಗದದ ಪಟ್ಟಿ. ನೀರಲ್ಲಿ ಕರಗಿಸಿ ಅದ್ದಿದಳು. ಎರಡು ಗೆರೆ ಬಂದರೆ ಫೆಂಟನಿಲ್ ಇಲ್ಲ, ಒಂದೇ ಬಂದರೆ ಇದೆ. ಮೂವರೂ ಬಗ್ಗಿ ನೋಡುತ್ತಿದ್ದೇವೆ. ಒಂದೇ ಗೆರೆ. ಇನ್ನೊಂದು ಪಟ್ಟಿಯಲ್ಲಿ ನಿದ್ದೆಮಾತ್ರೆಯ ಜಾತಿಯ ಬೆಂಜೊ ಕೂಡ ಇದೆಯೆಂದು ಗೊತ್ತಾಯಿತು. ಅವನು ಬೈದುಕೊಂಡ. ಒಬ್ಬನೇ ಇರುವಾಗ ಬೇಡ, ಮೊದಲು ಕಾಲು ಭಾಗ ಮಾತ್ರ ತಗೋ ಎಂದು ಹುಡುಗಿ ಹೇಳಿದ್ದಕ್ಕೆ ತಲೆಯಾಡಿಸಿದ.

ಇಂಥ ಓಣಿಗಳಲ್ಲೇ 2016ರಲ್ಲಿ ಸಾರಾ ಬ್ಲೈತ್, ಆ್ಯನ್ ಲಿವಿಂಗ್‌ಸ್ಟನ್ ಮೊದಲಾದ ಕಾರ್ಯಕರ್ತರು ಯಾವ ಪರವಾನಗಿಯೂ ಇಲ್ಲದೆ ಡೇರೆ ಹಾಕಿ, ಬಿದ್ದವರನ್ನು ಎಬ್ಬಿಸಲು ಕೂತರು. ಆ ವರ್ಷದ ಏಪ್ರಿಲ್‌ನಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಆರೋಗ್ಯ ತುರ್ತುಸ್ಥಿತಿ ಘೋಷಿಸಿತ್ತು, ಡಿಸೆಂಬರಿನಲ್ಲಿ ಆರೋಗ್ಯ ಮಂತ್ರಿಯೇ ಡೇರೆಗಳಿಗೆ ಒಪ್ಪಿಗೆ ಕೊಟ್ಟರು. ಆದರೂ 2023 ಒಂದೇ ವರ್ಷದಲ್ಲಿ ಪ್ರಾಂತ್ಯದಲ್ಲಿ 2,500ಕ್ಕೂ ಹೆಚ್ಚು ಜನ ಮಾದಕವಸ್ತುವಿಗೆ ಬಲಿಯಾದರು. ಕರ್ನಾಟಕದ ಹತ್ತನೇ ಒಂದು ಪಾಲೂ ಇಲ್ಲದ ಜನಸಂಖ್ಯೆಯಲ್ಲಿ! ಬೀದಿಯವರಿಗೆ ಸಿಟ್ಟು ಇಲ್ಲದಿಲ್ಲ. ತನ್ನ ಅಂಗಡಿ ಮುಂದೆ ಗುಡಿಸುತ್ತಿದ್ದ ಚೀನೀ ಅಜ್ಜಿಯೊಬ್ಬಳು ಮೊರದಲ್ಲಿ ಸಿಕ್ಕ ಸೂಜಿಯನ್ನು ನಮಗೆ ಎತ್ತಿ ತೋರಿಸಿದಳು. ಅವಳ ಗಿರಾಕಿಗಳು ಬರುವುದನ್ನೇ ಬಿಟ್ಟಿದ್ದಾರೆ. ಅವಳ ದೂರು ನ್ಯಾಯವಾದದ್ದೇ. ಪುಟ್ಟಿ ಸುಮ್ಮನೆ ಕೇಳಿಸಿಕೊಂಡು, ಸೂಜಿಯನ್ನು ತನ್ನ ಡಬ್ಬಿಗೆ ಹಾಕಿಕೊಂಡಳು.

ಔಷಧಿ ಅಂಗಡಿಯೊಂದರಲ್ಲಿ ಮೆಥಡೋನ್ ಕುಡಿಯುವುದನ್ನು ನೋಡಿದೆ. ದಾಸವಾಳದ ಕೆಂಪು, ಚೆರಿಹಣ್ಣಿನ ಘಮ. ಪ್ಲಾಸ್ಟಿಕ್ ಲೋಟದಲ್ಲಿ ಕೊಡುತ್ತಾರೆ, ಎದುರಿಗೇ ಕುಡಿಯಬೇಕು. ಕುಡಿದ ಮೇಲೆ ಔಷಧಿ ಕೊಡುವಾತ ಏನಾದರೊಂದು ಮಾತು ತೆಗೆಯುತ್ತಾನೆ. ಉತ್ತರ ಬಂದರೆ ಬಾಯಲ್ಲಿ ಉಳಿಸಿಕೊಂಡಿಲ್ಲವೆಂದು ಖಾತ್ರಿ. ಆ ಬೆಳಿಗ್ಗೆ ಮಾತು ನಡೆದದ್ದು ಹಾಕಿ ಪಂದ್ಯದ್ದು. ನಮ್ಮ ಮಣಿಪುರದ ಕೇಂದ್ರಗಳಲ್ಲಿ ಬ್ಯುಪ್ರೆನಾರ್ಫಿನ್ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟು ಕರಗುವವರೆಗೂ ಎದುರಲ್ಲೇ ಕೂರಿಸುತ್ತಾರೆ. ರೀತಿ ಬೇರೆ, ಲೆಕ್ಕ ಒಂದೇ. ಯಾವ ಔಷಧಿಯೂ ಹತ್ತದವರಿಗೆ ಪಶ್ಚಿಮ ಹೇಸ್ಟಿಂಗ್ಸ್‌ನ ಕ್ರಾಸ್‌ಟೌನ್ ಚಿಕಿತ್ಸಾಲಯದಲ್ಲಿ ವೈದ್ಯರೇ ಶುದ್ಧ ಹೆರಾಯಿನ್ ಬರೆದುಕೊಡುತ್ತಾರೆಂದು ಕೇಳಿದಾಗ ನಾನು ನಡೆಯುವುದನ್ನೇ ನಿಲ್ಲಿಸಿದೆ. ಹೌದು, ಡಾಕ್ಟರ ಚೀಟಿಯ ಮೇಲೆ! ಇಲ್ಲಿಯೂ ಮಾಂಟ್ರಿಯಲ್‌ನಲ್ಲಿಯೂ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೆಥಡೋನ್ ಪಡೆದವರಲ್ಲಿ ನೂರಕ್ಕೆ 54 ಜನ ಚಿಕಿತ್ಸೆಯಲ್ಲಿ ಉಳಿದರೆ, ಹೆರಾಯಿನ್ ಪಡೆದವರಲ್ಲಿ ಉಳಿದದ್ದು ಸುಮಾರು 88 ಜನ. ದಿನಕ್ಕೆ ಎರಡು ಮೂರು ಸಲ ಗಡಿಯಾರ ನೋಡಿಕೊಂಡು ಬರುತ್ತಾರೆ, ಹೋಗುತ್ತಾರೆ. ಕಳ್ಳತನಕ್ಕೆ ಓಡಾಡಬೇಕಾಗಿಲ್ಲ. ಕೆಲವರು ಕೆಲಸಕ್ಕೂ ಸೇರಿದ್ದಾರೆ.

ಮರುದಿನ ಬೆಳಿಗ್ಗೆ ಜಡಿಮಳೆ. ರಾತ್ರಿ ಒಂಬತ್ತೂಕಾಲರವರೆಗೆ ಮುಳುಗದ ಸೂರ್ಯ ಬೆಳಿಗ್ಗೆ ಮುಖ ತೋರಿಸಲು ಮುನಿಸು. ಹೊತ್ತೇ ತಿಳಿಯದೆ ಊಟ ಮಾಡಿ, ಹೊತ್ತೇ ತಿಳಿಯದೆ ಎದ್ದು, ಕೊಡೆ ಮಡಚಿ ಬಿಚ್ಚುತ್ತ ಬರಾರ್ಡ್ ಬೀದಿಯ ಸೇಂಟ್ ಪಾಲ್ಸ್ ಆಸ್ಪತ್ರೆ ತಲುಪಿದೆವು. 1894ರಲ್ಲಿ ಕ್ರೈಸ್ತ ಸನ್ಯಾಸಿನಿಯರು ಇಪ್ಪತ್ತೈದು ಹಾಸಿಗೆಗಳಿಂದ ಆರಂಭಿಸಿದ್ದು. ಕೆಂಪು ಇಟ್ಟಿಗೆಯ ಮುಖಮಂಟಪದಲ್ಲಿ ನಿಂತಾಗ ನನಗೆ ಮೈಸೂರಿನ ಕೆ.ಆರ್. ಆಸ್ಪತ್ರೆಯ ಹಳೆಯ ಕಟ್ಟಡ ನೆನಪಾಯಿತು.

ಪಕ್ಕದ ವೆಸ್ಟ್ ಎಂಡ್ ಬಡಾವಣೆ ಸಲಿಂಗಿಗಳ ನೆಲೆ. ಎಂಬತ್ತರ ದಶಕದಲ್ಲಿ ಏಡ್ಸ್ ಬಂದೆರಗಿದಾಗ ಅವರೆಲ್ಲ ಬಂದದ್ದು ಈ ಬಾಗಿಲಿಗೆ. ಬ್ಯೂನಸ್ ಐರಿಸ್‌ನಿಂದ ಬಂದ ಯುವ ವೈದ್ಯ ಹೂಲಿಯೊ ಮೊಂಟಾನೆರ್ ಇಲ್ಲೇ ಬೇರುಬಿಟ್ಟರು. 1996ರ ಜುಲೈನಲ್ಲಿ ಜಗತ್ತಿನ ಏಡ್ಸ್ ಸಮ್ಮೇಳನ ಇದೇ ಊರಿನಲ್ಲಿ ಸೇರಿತು. ಮೂರು ಔಷಧಿಗಳನ್ನು ಕೂಡಿಸಿ ಕೊಟ್ಟರೆ ವೈರಸ್ಸನ್ನು ಅದುಮಿಡಬಹುದು ಎಂಬ ಸುದ್ದಿ ಲೋಕಕ್ಕೆ ಹೋದದ್ದು ಇಲ್ಲಿಂದ. ಮುಂದಿನ ಹೆಜ್ಜೆ ಮೊಂಟಾನೆರ್ ಹಟ ಹಿಡಿದು ಇಟ್ಟದ್ದು. ಮಾತ್ರೆ ನುಂಗಿದವನ ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದರೆ ಅವನಿಂದ ಇನ್ನೊಬ್ಬರಿಗೆ ಹರಡುವುದೂ ನಿಲ್ಲುತ್ತದೆ. ಆದ್ದರಿಂದ ಎಲ್ಲರನ್ನೂ ಹುಡುಕಿ, ಎಲ್ಲರಿಗೂ ಪುಕ್ಕಟೆ ಕೊಡಿ. ಬೀದಿಯಲ್ಲಿರುವ ವ್ಯಸನಿಗಳು ನಿಯಮಿತವಾಗಿ ಮಾತ್ರೆ ನುಂಗುವುದಿಲ್ಲ ಎಂದು ಜನ ಮೂಗು ಮುರಿದರು. ಮೆಥಡೋನ್ ಕುಡಿಯಲು ದಿನಾ ಬರುವವನ ಕೈಗೆ ಅಲ್ಲೇ ಎಚ್‌ಐವಿ ಮಾತ್ರೆಯನ್ನೂ ಇಟ್ಟರೆ? ನುಂಗಿದರು! ಏಡ್ಸ್ ರೋಗಿಗಳಿಗೆಂದೇ ಇದ್ದ ಇಲ್ಲಿನ 10ಸಿ ವಾರ್ಡನ್ನು 2014ರಲ್ಲಿ ಬೇರೆ ಕೆಲಸಕ್ಕೆ ಬಿಟ್ಟುಕೊಟ್ಟರು, ತುಂಬುವಷ್ಟು ರೋಗಿಗಳೇ ಇರಲಿಲ್ಲ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಮಾತ್ರೆ ಉಚಿತವಾಗಿ ಸಿಗತೊಡಗಿದ್ದು 2004ರಲ್ಲಿ. ಅದಕ್ಕೆ ಮುಂಚಿನ ವಾರ್ಡುಗಳನ್ನು ಕಣ್ಣಾರೆ ಕಂಡಿರುವ ನನಗೆ ಆ ಬಾಗಿಲ ಮುಂದೆ ನಿಂತು ಗಂಟಲು ಕಟ್ಟಿತು.

ಕ್ಯಾಂಟೀನಿನಲ್ಲಿ ಉಪ್ಪುಖಾರ ಕಾಣದ ಸೂಪು ಮುಂದಿಟ್ಟುಕೊಂಡು ಪುಟ್ಟಿ ನನ್ನ ಪ್ರಶ್ನೆಯ ಉಳಿದ ಅರ್ಧಕ್ಕೆ ಉತ್ತರ ಕೊಟ್ಟಳು. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಸೂಜಿಯ ಜೊತೆ ರಕ್ತಕ್ಕಿಳಿದು ಹೃದಯದ ಕವಾಟದ ಮೇಲೆ ಹೋಗಿ ಕೂರುತ್ತದೆ, ಅಲ್ಲಿ ಪಾಚಿಗಟ್ಟಿ ಬೆಳೆಯುತ್ತದೆ, ತುಂಡಾಗಿ ಶ್ವಾಸಕೋಶಕ್ಕೋ ಮೆದುಳಿಗೋ ಹಾರುತ್ತದೆ. ವಾಸಿಮಾಡುವ ಔಷಧಿ ಇದೆ, ಆದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ರಕ್ತನಾಳದ ಮೂಲಕವೇ ಹೋಗಬೇಕು. ಹಾಸಿಗೆ ಹಿಡಿದ ವ್ಯಸನಿಗೆ ಅರ್ಧ ದಿನದೊಳಗೆ ಮೈಮುರಿತ ಶುರುವಾಗುತ್ತದೆ. ಆರು ವಾರದ ಔಷಧಿ ಬರೆದ ಡಾಕ್ಟರು ಅರ್ಧ ದಿನದ ನೋವಿಗೆ ಏನೂ ಬರೆಯದಿದ್ದರೆ ರೋಗಿ ಎದ್ದು ಹೋಗುತ್ತಾನೆ. ಹೋದವನು ಎಷ್ಟೋ ಸಲ ಸಾಯುತ್ತಾನೆ, ಇಲ್ಲವೇ ಕೆಟ್ಟ ಕವಾಟ ಹೊತ್ತು ಮರಳುತ್ತಾನೆ. "ಕಲಿತ ಆ್ಯಂಟಿಬಯೋಟಿಕ್ ವಿದ್ಯೆಯೆಲ್ಲ ಖಾಲಿ ಹಾಸಿಗೆಗೆ ಕೊಟ್ಟು ಏನು ಮಾಡ್ಲಿ ಮಾಮ? ಅದಕ್ಕೇ ಇನ್ನೊಂದನ್ನೂ ಕಲಿತೆ." ಹೇಳುತ್ತಿರುವಾಗಲೇ ಫೋನು ಮಿಡಿಯಿತು. ನೋಡಿ, ಸೂಪು ಬಿಟ್ಟು ಎದ್ದಳು. ಮುಖ ಅರಳಿತ್ತು. ಕಣಕಾಲಿನ ಮೇಲೆ ಪೆನ್ನಿನ ಗೆರೆ ಇದ್ದಾತ ತುರ್ತುವಿಭಾಗಕ್ಕೆ ಬಂದು ಅವಳ ಹೆಸರು ಹೇಳಿದ್ದ.

ಅವಳು ಕೆಲಸದಲ್ಲಿದ್ದಷ್ಟು ಹೊತ್ತು ನಾನು ಮಳೆಯಲ್ಲೇ ಕೋಮಾಕ್ಸ್ ಬೀದಿಗೆ ನಡೆದು ಡಾಕ್ಟರ್ ಪೀಟರ್ ಸೆಂಟರ್ ನೋಡಿ ಬಂದೆ. ಪೀಟರ್ ಜೆಪ್ಸನ್-ಯಂಗ್ ಎಂಬ ಯುವ ವೈದ್ಯ ತನಗೇ ಏಡ್ಸ್ ಬಂದಾಗ ಬಚ್ಚಿಡದೆ, 1990ರಿಂದ ಟೀವಿಯಲ್ಲಿ ವಾರವಾರವೂ ತನ್ನ ಕಾಯಿಲೆಯ ದಿನಚರಿ ಹೇಳಿದರು. 111 ಕಂತು. ಕಣ್ಣು ಹೋಯಿತು, ಮಾತು ನಿಲ್ಲಲಿಲ್ಲ. 1992ರ ನವೆಂಬರಿನಲ್ಲಿ ತೀರಿಕೊಂಡರು, 35ರ ಪ್ರಾಯ. ಅವರ ಹೆಸರಿನ ಸಂಸ್ಥೆಯ ನರ್ಸುಗಳು ಇನ್‌ಸೈಟ್ ತೆರೆಯುವುದಕ್ಕೂ ಒಂದು ವರ್ಷ ಮುಂಚೆ, 2002ರಲ್ಲೇ, ತಮ್ಮ ರೋಗಿಗಳು ಚುಚ್ಚಿಕೊಳ್ಳುವಾಗ ಪಕ್ಕದಲ್ಲಿ ನಿಲ್ಲತೊಡಗಿದ್ದರು. ಇದು ಸರಿಯೇ ಎಂದು ತಮ್ಮ ವೃತ್ತಿಸಂಘವನ್ನೇ ಕೇಳಿದರು. ಇದೂ ಶುಶ್ರೂಷೆಯೇ ಎಂಬ ಉತ್ತರ ಬಂತು. ದೊಡ್ಡ ಧೈರ್ಯವೆಲ್ಲ ಎಷ್ಟೋ ಸಲ ನರ್ಸುಗಳಿಂದಲೇ ಶುರುವಾಗುತ್ತದೆ ಎಂಬುದು ನನ್ನ ನಂಬಿಕೆ, ಯಾವ ಊರಿನಲ್ಲಾದರೂ.

ಸಂಜೆ ಸರ್ರೆಯ ಸಮುದಾಯ ಭವನದಲ್ಲಿ ಪುಟ್ಟಿಯ ಪಾಠ. ಸಾಯುವವರೆಲ್ಲ ಹೇಸ್ಟಿಂಗ್ಸ್ ಬೀದಿಯವರಲ್ಲ. ಬೆನ್ನುನೋವಿಗೆಂದು ಮಾತ್ರೆ ಹಿಡಿದ ಕಟ್ಟಡ ಕೆಲಸದವರು, ಚಾವಣಿಯವರು, ಲಾರಿ ಓಡಿಸುವವರು, ಮನೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಒಂಟಿಯಾಗಿ ಹೋದವರು ಎಷ್ಟೋ. ಪಗಡಿ ತೊಟ್ಟ ಹಿರಿಯರು, ಸಲ್ವಾರಿನ ತಾಯಂದಿರು, ನನ್ನ ಹೆಂಡತಿ, ನಾನು ಬೆಂಚುಗಳ ಮೇಲೆ ಕೂತಿದ್ದೇವೆ. ಚೀಲದಲ್ಲಿ ಕಂಡಿದ್ದ ಕಪ್ಪು ಡಬ್ಬಿ ಈಗ ತೆರೆಯಿತು. ನಾಲಾಕ್ಸೋನ್ ತುಂಬಿದ ಮೂರು ಗಾಜಿನ ಆಂಪೂಲು, ಮೂರು ಸಿರಿಂಜು, ಗವಸು, ಬಾಯಿಗಿಡುವ ಉಸಿರಿನ ಮುಸುಕು. ನರಕೋಶದ ಬೀಗಕ್ಕೆ ಅಂಟಿದ ಫೆಂಟನಿಲ್ಲನ್ನು ತಳ್ಳಿ ತಾನು ಕೂರುವ ಔಷಧಿಯಿದು. ಭುಜ ಅಲುಗಿಸಿ ಕೂಗಿ. ಏಳದಿದ್ದರೆ ಆಂಬುಲೆನ್ಸಿಗೆ ಫೋನು. ಗದ್ದ ಎತ್ತಿ ಐದು ಸೆಕೆಂಡಿಗೊಂದು ಉಸಿರು. ಆಮೇಲೆ ತೊಡೆಯ ಸ್ನಾಯುವಿಗೆ ಚುಚ್ಚಿ, ಬಟ್ಟೆಯ ಮೇಲಿಂದಲೇ ಆದೀತು. "ಔಷಧಿಗಿಂತ ಮೊದಲು ಉಸಿರು" ಎಂದು ಅವಳು ಮತ್ತೆ ಮತ್ತೆ ಹೇಳುತ್ತಾಳೆ. ಆಂಪೂಲಿನ ಕತ್ತು ಮುರಿಯಲು ನನ್ನಾಕೆ ಹೆದರಿದಳು, ಪಕ್ಕದ ಪಂಜಾಬಿ ಅಜ್ಜಿ ಅವಳ ಕೈಹಿಡಿದು ಟಕ್ಕೆಂದು ಮುರಿಸಿದಳು.

ಪಾಠ ಮುಗಿಯುವಾಗ ಹಿಂದಿನ ಬೆಂಚಿನಿಂದ ಚಾವಣಿ ಕಂತ್ರಾಟುದಾರನೊಬ್ಬ ಎದ್ದ. ತನ್ನ ಬಳಿ ಹತ್ತು ಹುಡುಗರಿದ್ದಾರೆ, ಹತ್ತು ಡಬ್ಬಿ ಬೇಕು. ಡಬ್ಬಿಗೇನೂ ಬರವಿಲ್ಲ, ಎಲ್ಲ ಪುಕ್ಕಟೆ, ಆದರೆ ಹುಡುಗರಿಗೆ ಉಸಿರು ಕೊಡಲು ಬರುತ್ತದೆಯೇ ಎಂದಳು ಪುಟ್ಟಿ. ಅವನು ತಲೆ ಕೆರೆದುಕೊಂಡ. ಮಳೆ ಬಂದರೆ ಚಾವಣಿ ಕೆಲಸ ಹೇಗೂ ನಿಲ್ಲುತ್ತದಲ್ಲ, ಮಂಗಳವಾರ ಮಳೆಯಂತೆ, ಆ ದಿನ ಎಲ್ಲರನ್ನೂ ಕರೆತರುತ್ತೇನೆ ಎಂದ. ಎಷ್ಟು ಗಂಟೆಗೆ ಎಂದು ಕೇಳಿ ಅವಳು ಫೋನಿನಲ್ಲಿ ಬರೆದುಕೊಂಡಳು. ಬೆಳಿಗ್ಗೆ ಒಂಬತ್ತಕ್ಕೆ. ಹತ್ತು ಜನ, ಜೊತೆಗೆ ಅವನೂ.